ಅರಿಸಮಾಸ

ಶ್ರೀ ಹರಿಹರೇಶ್ವರನ ಪಾದಕ್ಕೆ ಈ ಹೊಸ ಪುಸ್ತಕದ ಮೊದಲ ಸಾಲು. ಬರೆಯುವ ಕೈಗೆ ಅವನೇ ದಿಕ್ಕು.

ಸ್ವಸ್ತಿ. ಶಾಲಿವಾಹನ ಶಕ ೧೯೪೭, ವಿಶ್ವಾವಸು ಸಂವತ್ಸರ, ಉತ್ತರಾಯಣ, ಗ್ರೀಷ್ಮ ಋತು, ಆಷಾಢ ಶುದ್ಧ ಪಂಚಮಿ, ಇಂದುವಾರ. ೩೦-೬-೨೦೨೫. ನಿಟ್ಟುವಳ್ಳಿ.

ಎಂದಿನಂತೆ ಆರೂವರೆಯ ಬಸ್ಸಿಗೆ ಹರಿಹರ. ಸ್ನಾನ, ಸಂಧ್ಯೆ, ದರ್ಶನ. ಮನೆಯ ಅಭಿಷೇಕಕ್ಕೆ ಒಂದು ತಂಬಿಗೆ ನದೀಜಲ. ನಲವತ್ತು ವರ್ಷದ ಸೋಮವಾರದ ನಿಯಮ. ಈಗೀಗ ಮುಚ್ಚಳ ತೆಗೆದರೆ ಗದ್ದೆಗೆ ಹೊಡೆಯುವ ಔಷಧದ ವಾಸನೆ. ದೇವರಿಗೆ ಕೀಟನಾಶಕದ ಅಭಿಷೇಕ! ತುಂಗಭದ್ರೆಯನ್ನು ತಾಯಿ ಎನ್ನುವ ಬಾಯಿಗಳೆಷ್ಟು... ಅವೇ ಬಾಯಿಗಳು ಶಾಂಪೂ ಚೀಟಿಯನ್ನು ಹಲ್ಲಿನಿಂದ ಹರಿದು ಅದೇ ಮೆಟ್ಟಿಲ ಮೇಲೆ ಉಗಿಯುತ್ತವೆ.

ಅಲ್ಲಿಯೇ ಹಂಪವ್ವ ಸಿಕ್ಕಳು. ನಾನು ಹರಿಹರದಲ್ಲಿ ಕನ್ನಡ ಪಂಡಿತನಾಗಿದ್ದಾಗ ಎಂಟನೆಯ ತರಗತಿಯವರೆಗೆ ಓದಿದವಳು. ಊರ ಮೇಲ್ಗಡೆ ಹಳ್ಳದ ದಡದಲ್ಲಿ ಒಂದೂವರೆ ಎಕರೆ ಭತ್ತದ ಗದ್ದೆ. ಕೈಯಲ್ಲಿ ಒಂದು ಕಟ್ಟು ಫಾರಂ.

'ಮೇಷ್ಟ್ರೆ, ಹತ್ತೊಂಬತ್ತು ಮನೇರು ಸೇರೀವಿ. ಬರ್ದು ತಂದೀವಿ. ನೀವೊಂದ್ಸಲ ಕಣ್ಣಾಡಿಸಿ ತಿದ್ದಿ ಕೊಡ್ರಿ.'

ಯೋಜನೆಯ ಹೆಸರು 'ಜಲ ಗುಣಮಟ್ಟ ಸಂರಕ್ಷಣಾ ವೆಚ್ಚ ಹಂಚಿಕೆ ಉಪಕ್ರಮ' — ಆರು ಪದ, ಒಂದಕ್ಕೂ ಉಸಿರಿಲ್ಲ. ಹೆಣಗಳನ್ನು ಸಾಲಾಗಿ ಮಲಗಿಸಿದಂತೆ. ತಿರುಳು ಮಾತ್ರ ಸರಳ. ಹಳ್ಳದ ಅಂಚಿಗೆ ಹದಿನೈದು ಅಡಿ ಉಳದೆ ಬಿಟ್ಟು ಲಾವಂಚದ ಹುಲ್ಲು ನೆಡಬೇಕು. ಗದ್ದೆಯ ಗೊಬ್ಬರ, ಔಷಧ ಎಲ್ಲ ಆ ಬೇರಿನಲ್ಲಿ ಸೋಸಿ, ತಿಳಿನೀರು ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ. ಖರ್ಚಿನಲ್ಲಿ ಅರ್ಧ ಯೋಜನೆಯದು, ಅರ್ಧ ರೈತನದು. ಹಣವಿಲ್ಲದವನು ಮೈಮುರಿದು ದುಡಿದು ತೀರಿಸಬಹುದು. ದೇವನೇ ಅರ್ಧ ಹರಿ, ಅರ್ಧ ಹರನಾಗಿ ನಿಂತ ಊರಿಗೆ ಸಲ್ಲುವ ಏರ್ಪಾಡು. ಆದರೆ ಆ ಭಾಷೆ!

೧-೭-೨೦೨೫. ಬೆಳಿಗ್ಗೆ ೧೦.

ತಿದ್ದಿ ಮುಗಿಸಿದೆ. ರೈತರ ಪಾಲಿನ ಕಾಲಮ್ಮಿನಲ್ಲಿ ಹತ್ತೊಂಬತ್ತು ಜನರೂ ಒಂದೇ ಮಾತು ಬರೆದಿದ್ದರು: 'ಶ್ರಮ ವಂತಿಗೆ'. ಮಾದರಿ ಫಾರಮ್ಮಿನಲ್ಲಿ ಹಾಗೆಯೇ ಅಚ್ಚಾಗಿದೆಯಂತೆ. ಸಂಸ್ಕೃತದ ಶ್ರಮಕ್ಕೆ ಕನ್ನಡದ ವಂತಿಗೆಯನ್ನು ಗಂಟುಹಾಕುವುದು! ಅರಿಸಮಾಸ. ವೈಯಾಕರಣರು ಶತ್ರು ಎಂದೇ ಹೆಸರಿಟ್ಟ ದೋಷ. ಸರ್ಕಾರಿ ಗುಮಾಸ್ತನಿಗೆ ಸಲ್ಲಬಹುದು. ನನ್ನ ಕೈಯಿಂದ ದಾಟಿ ಹೋಗಲಾರದು. ಹತ್ತೊಂಬತ್ತು ಕಡೆಯೂ ಹೊಡೆದುಹಾಕಿ 'ಶ್ರಮದಾನ' ಎಂದು ಬರೆದೆ. ಶುದ್ಧ. ಕಿವಿಗೆ ಹಿತ. ಅರ್ಥಕ್ಕೆ ಘನತೆ.

ಇಷ್ಟು ಓದಿಕೊಂಡವರು ಊರಿಗೊಬ್ಬರಿದ್ದರೂ ಸಾಕಿತ್ತು.

೧೪-೭-೨೦೨೫. ಸೋಮವಾರ.

ದರ್ಶನ ಮುಗಿಸಿ ಹಳ್ಳದ ಕಡೆ ಹೋದೆ. ಹೆಂಗಸರು ಸಾಲಾಗಿ ಬಾಗಿ ಲಾವಂಚದ ಕಡ್ಡಿ ನೆಡುತ್ತಿದ್ದರು. ಹಂಪವ್ವನ ಮಗ ಮಾರುತಿ ಬದುವಿನ ಮೇಲೆ ಕುಳಿತು ಗೊಣಗುತ್ತಿದ್ದ.

'ನೋಡ್ರಿ ಮೇಷ್ಟ್ರೆ, ಮೂರು ಗುಂಟೆ ಭತ್ತ ಹೋತು. ಈ ಹುಲ್ಲು ದನಾನೂ ಮುಟ್ಟಲ್ಲ.'

'ಮುಟ್ಟಬಾರ್ದು ಅಂತಾನೇ ಹಾಕೀನಿ. ಕುಂತಲ್ಲೇ ಮೇಯೋ ಹೋರಿ ಒಂದು ಮನೇನಾಗೆ ಐತಲ್ಲ, ಅದಕ್ಕ' ಎಂದಳು ತಾಯಿ, ಬಾಗಿದಲ್ಲಿಂದಲೇ.

ಹೆಂಗಸರೆಲ್ಲ ನಕ್ಕರು. ಮಾರುತಿ ಎದ್ದು ಕಡ್ಡಿಯ ಕಟ್ಟು ಹೊತ್ತ. ಅವನಿಗೆ ಮಾತು ತಾಗಿದ್ದು ಅದೃಷ್ಟ. ಈ ತಲೆಮಾರಿಗೆ ಸಾಮಾನ್ಯವಾಗಿ ಏನೂ ತಾಗುವುದಿಲ್ಲ.

೪-೮-೨೦೨೫. ಶ್ರಾವಣ ಸೋಮವಾರ.

ಹರಿಹರದಿಂದ ಬಂದು ಪೂಜೆ ಮುಗಿಸಿ ಎದ್ದಾಗ ಹಂಪವ್ವ ಜಗುಲಿಯ ಮೇಲೆ ಕುಳಿತಿದ್ದಳು. ನೀರು ಕೊಟ್ಟರೆ ಕುಡಿಯಲಿಲ್ಲ. ಕಚೇರಿಯ ಕಾಗದ ಚಾಚಿದಳು.

'ರೈತರ ಪಾಲಿನ ಕಾಲಮ್ಮಿನಲ್ಲಿ ದಾನ ಎಂದು ನಮೂದಾಗಿದೆ. ದಾನವನ್ನು ಪಾಲಾಗಿ ಪರಿಗಣಿಸಲು ಬರುವುದಿಲ್ಲ. ರೈತರ ಪಾಲು ಶೂನ್ಯ. ಅರ್ಜಿ ತಿರಸ್ಕೃತ.' ಹತ್ತೊಂಬತ್ತು ಮನೆಗೂ ಇದೇ. ಆಕ್ಷೇಪಣೆಗೆ ಹತ್ತು ದಿನ.

ಕೆಂಡವಾದೆ. ಮೂರ್ಖರು, ಅಕ್ಷರಶತ್ರುಗಳು, ದಾನದ ಮಹಿಮೆ ಅರಿಯದ ಸಂಬಳಗಾರರು... ಇನ್ನೂ ಏನೇನೋ ಅಂದೆ. ಅವಳು ಮುಗಿಯುವವರೆಗೆ ಕೇಳಿ, ಅರ್ಜಿಯ ಜೆರಾಕ್ಸ್ ತೆಗೆದು ಆ ಪದದ ಮೇಲೆ ಬೆರಳಿಟ್ಟಳು.

'ಇದು ಯಾರ ಅಕ್ಷರ ಮೇಷ್ಟ್ರೆ?'

ಅಕ್ಷರ ನನ್ನದೇ.

'ದಾನ ಕೊಡೋ ಅಷ್ಟು ದೊಡ್ಡೋರು ನಾವಾಗಿದ್ರೆ ಅರ್ಧ ಖರ್ಚು ಕೇಳಾಕ ಯಾಕ ಹೋಗ್ತಿದ್ವಿ? ಕೊಡೋ ಮುಂಚೆ ನಾನು ಓದ್ದೆ. ಏನೋ ಬ್ಯಾರೆ ಐತಲ್ಲ ಅನ್ನಿಸ್ತು. ಮೇಷ್ಟ್ರು ಬರ್ದಿದ್ದು ತಪ್ಪಾಗಿರಲ್ಲ ಅಂತ ಸುಮ್ನಾದೆ.'

ಹೋಗುವಾಗ ಮೆಟ್ಟಿಲಲ್ಲಿ ನಿಂತು ಹೇಳಿದಳು: 'ಭತ್ತದ ಸಸಿ ಬಲಿತಾವೆ. ಗುರುವಾರ ಮಾರುತಿ ಟಿಲ್ಲರ್ ತರ್ತಾನೆ. ಹುಲ್ಲು ಕಿತ್ತು ಭತ್ತ ಹಚ್ತೀವಿ. ನಮ್ದು ಕಿತ್ರೆ ಮಿಕ್ಕೋರೂ ಕೀಳ್ತಾರೆ. ಎರಡೂ ಕಳ್ಕಂಡು ಯಾರು ಕುಂತಿರ್ತಾರೆ?'

೫-೮.

ಕಚೇರಿಗೆ ಹೋಗಲಿಲ್ಲ. ಅದಿರುವ ದೇವರಾಜ ಅರಸು ಬಡಾವಣೆ ಆಟೋದಲ್ಲಿ ಹತ್ತು ನಿಮಿಷ. ಹೋಗಲಿಲ್ಲ. ಅರಿಸಮಾಸದ ದೋಷವನ್ನು ಸೂತ್ರಸಹಿತ ನಿರೂಪಿಸುವ ಆಕ್ಷೇಪಣೆಯೊಂದನ್ನು ನಾಲ್ಕು ಪುಟ ಬರೆದೆ. ಉತ್ತಮ ಗದ್ಯ. ಹರಿದೆ.

೬-೮. ಬುಧವಾರ.

ಹೋದೆ. ಬಾಡಿಗೆ ಮನೆಯ ಮಹಡಿಯ ಮೇಲೊಂದು ಕಚೇರಿ. ಗೋಡೆಯ ತುಂಬ ನೀರುಳಿಸುವ ಘೋಷಣೆ. ಮೂಲೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಅಧಿಕಾರಿ ಆಶಾರಾಣಿ. ಮೂವತ್ತರ ಒಳಗೆ. ಕಿವಿಯಲ್ಲಿ ಫೋನಿನ ತೊಟ್ಟು. ಇವಳೇ ಇರಬೇಕು ಆ ಆರು ಹೆಣ ಮಲಗಿಸಿದವಳು, ಎಂದುಕೊಂಡೆ. ಅರ್ಜಿ ತಿದ್ದಿದವನು ನಾನೆಂದೆ.

'ಬರ್ರಿ ಅಜ್ಜಾರೆ, ಕೂಡ್ರಿ. ಹತ್ತೊಂಬತ್ತು ಅರ್ಜಿ ತಿದ್ದಿದ್ದೂ ಒಂದೇ ಮುತ್ತಿನಂಥ ಅಕ್ಷರ. ಯಾರಪ್ಪ ಇವ್ರು ಅಂತ ನಾವೆಲ್ಲ ಮಾತಾಡ್ಕಂಡ್ವಿ.'

ಸಮಾಸಪ್ರಕರಣದಿಂದ ಆರಂಭಿಸಿದೆ. ಎರಡು ನಿಮಿಷ ಕೇಳಿದಳು.

'ಅದು ಅರಿನೋ ಪರಿನೋ ನಂಗೊತ್ತಿಲ್ರಿ. ದಾನ ಅಂದ್ರೆ ಕೊಟ್ಟು ಕೈ ತೊಳಕಂಡಂಗೆ, ಹೌದಿಲ್ಲೋ? ಕೊಟ್ಟಿದ್ನ ತಿರುಗಿ ಪಾಲು ಅಂತ ಹೆಂಗೆ ಹಿಡೀಲಿ? ವಂತಿಗೆ ಅಂದ್ರೆ ಆ ಹೆಂಗಸ್ರ ಬೆವರಿಗೆ ರೇಟ್ ಐತೆ. ದಾನ ಅಂದ್ರೆ ಚಪ್ಪಾಳೆ ಅಷ್ಟೇ.'

ಧಾರೆಯೆರೆದದ್ದನ್ನು ಮರಳಿ ಪಡೆಯುವುದು ದತ್ತಾಪಹಾರ, ಮಹಾಪಾಪ — ಐವತ್ತು ವರ್ಷ ಪುರಾಣ ಹೇಳಿದವನು ನಾನು. ದಾನವೆಂಬ ಪದವನ್ನು ಈ ಹುಡುಗಿ ಶಾಸ್ತ್ರೋಕ್ತವಾಗಿಯೇ ಓದಿದ್ದಳು. ಕಿವಿಗೆ ಹಿತವೆಂದು ಬರೆದವನು ನಾನು. ಯಾರನ್ನು ಮೂರ್ಖನೆಂದು ಬೈಯಬೇಕೋ ಅವನು ಆ ಮೇಜಿನ ಈಚೆ ಕಡೆ ಕುಳಿತಿದ್ದ.

ತಪ್ಪೊಪ್ಪಿಗೆ ಬರೆದೆ. ಆಮೇಲೆ ಒಂದೊಂದೇ ಅರ್ಜಿ ತೆಗೆದು 'ಶ್ರಮದಾನ' ಹೊಡೆದು 'ಶ್ರಮ ವಂತಿಗೆ'. ಹತ್ತೊಂಬತ್ತು ಸಲ. ಪಕ್ಕದಲ್ಲಿ ಸಹಿ. ಹತ್ತನೆಯದಕ್ಕೆ ಬರುವಷ್ಟರಲ್ಲಿ ಆ ಪದ ಅಷ್ಟು ಕುರೂಪವಾಗಿ ಕಾಣಲಿಲ್ಲ. ಅದಕ್ಕೂ ಸಿಟ್ಟು ಬಂತು.

'ಸೋಮವಾರ ಅಳತೆಗೆ ಬರ್ತೀನಿ' ಎಂದಳು. 'ಹದಿನೈದು ಅಡಿ ಹುಲ್ಲು ನಿಂತಿರ್ಬೇಕು, ಬೇರು ಹಿಡಿದಿರ್ಬೇಕು ನೋಡ್ರಿ. ಅದಿಲ್ಲಾಂದ್ರೆ ನಾನೂ ಏನೂ ಮಾಡಕಾಗಲ್ಲ.'

ಹಂಪವ್ವನ ಫೋನು ಸ್ವಿಚ್ ಆಫ್. ಈಗಲೇ ಹರಿಹರದ ಬಸ್ಸು ಹತ್ತಬಹುದಿತ್ತು. ಸಾಯಂಪೂಜೆಯ ಹೊತ್ತಾಗಿತ್ತು. ನಾಳೆ ಬೆಳಿಗ್ಗೆ ಎಂದುಕೊಂಡೆ.

೭-೮. ಗುರುವಾರ.

ಟಿಲ್ಲರಿನ ಸದ್ದು ರಸ್ತೆಗೇ ಕೇಳುತ್ತಿತ್ತು. ಪಂಚೆ ಎತ್ತಿ ಕಟ್ಟಿ ಕೆಸರಿಗೆ ಇಳಿದೆ. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ. ಹುಲ್ಲಿನ ಪಟ್ಟಿಯ ಮೂರರಲ್ಲೊಂದು ಭಾಗ ಆಗಲೇ ಕಲಸಿಹೋಗಿತ್ತು.

'ಸರೀರಿ ಮೇಷ್ಟ್ರೆ, ಕಾಲಿಗೆ ಹೊಡೆದೀತು!' ಮಾರುತಿ ಕೂಗಿದ.

'ನಿಲ್ಲಿಸು. ಅರ್ಜಿ ತಿದ್ದಿ ಬಂದಿದ್ದೇನೆ.'

'ತಿದ್ದಿದ್ದಕ್ಕೇ ಅಲ್ಲೇನ್ರಿ ಇಷ್ಟೆಲ್ಲ ಆಗಿದ್ದು?'

ಕದಲದೆ ನಿಂತೆ. ಹಂಪವ್ವ ಸಸಿಮಡಿಯಿಂದ ಓಡಿ ಬಂದು ಕೀಲಿ ತಿರುಗಿಸಿ ಯಂತ್ರ ನಿಲ್ಲಿಸಿದಳು. ಸೋಮವಾರದ ಅಳತೆಯ ಮಾತು ಹೇಳಿದೆ.

'ಇದನ್ನ ನಿನ್ನೆ ಸಂಜೀಕೇ ಬಂದು ಹೇಳಿದ್ರೆ ಆಗ್ತಿರ್ಲಿಲ್ವೇನ್ರಿ?'

ಉತ್ತರಕ್ಕೆ ಕಾಯದೆ ಹೆಂಗಸರನ್ನು ಕೂಗಿದಳು. ಕೆಸರಿನಿಂದ ಬುಡಗಳನ್ನು ಹೆಕ್ಕಿ, ತೊಳೆದು, ಮತ್ತೆ ನೆಟ್ಟರು. ನಾನೂ ನೆಟ್ಟೆ.

'ತಲೆಕೆಳಗಾಗಿ ನೆಟ್ಟೀರಿ ಮೇಷ್ಟ್ರೆ' ಎಂದ ಮಾರುತಿ. ನಗಲಿಲ್ಲ ಅವನು. ಕಿತ್ತು ತಿರುಗಿಸಿ ಕೊಟ್ಟ.

೧೧-೮-೨೦೨೫. ಶ್ರಾವಣ ಬಹುಳ ಬಿದಿಗೆ, ಸೋಮವಾರ. ಮಧ್ಯಾಹ್ನ.

ಆಶಾರಾಣಿ ಟೇಪು ಹಿಡಿದು ಬರಿಗಾಲಲ್ಲಿ ಹತ್ತೊಂಬತ್ತು ದಡವನ್ನೂ ನಡೆದಳು. ಹದಿನೆಂಟು ಪಾಸು. ಹಂಪವ್ವನದು ಕೊನೆಗೆ. ಅಗಲ ಸರಿಯಿತ್ತು. ಬಾಗಿ ಒಂದು ಬುಡ ಎಳೆದಳು. ಸಲೀಸಾಗಿ ಕೈಗೆ ಬಂತು. ಇನ್ನೊಂದು. ಅದೂ.

'ಇವು ಮೊನ್ನೆ ನೆಟ್ಟಿದ್ದು' ಎಂದಳು, ತಲೆ ಎತ್ತದೆ. 'ಬೇರಿಲ್ಲ. ನಾ ಸುಳ್ಳು ಬರೆಯಾಕ ಬರಲ್ಲ ಕಣಮ್ಮ. ಕಾರ್ತಿಕದಾಗೆ ಇನ್ನೊಂದು ಅಳತೆ ಐತೆ. ಹೊಸಾ ಅರ್ಜಿ ಹಾಕು.'

ತಪ್ಪು ನನ್ನದು, ಇವಳದಲ್ಲ ಎಂದೆ. ಫಾರಮ್ಮಿನಲ್ಲಿ ಅದಕ್ಕೆ ಕಾಲಮ್ಮಿರಲಿಲ್ಲ.

ಮಾರುತಿ ಟಿಲ್ಲರಿನ ಕಡೆ ನೋಡಿದ. ಹಂಪವ್ವ ಆ ಎರಡು ಬುಡಗಳನ್ನು ಆಶಾರಾಣಿಯ ಕೈಯಿಂದ ಇಸಿದುಕೊಂಡು ಗುಂಡಿಗೆ ಇಟ್ಟು ಹಿಮ್ಮಡಿಯಿಂದ ಒತ್ತಿದಳು.

'ಭತ್ತಾನೂ ಹೋತು, ದುಡ್ಡೂ ಹೋತು. ಉಳಿದಿದ್ದು ಇದೊಂದು. ಇದನ್ನ ಯಾಕ ಕೀಳ್ಲಿ?'

ಕಾರ್ತಿಕದ ಅರ್ಜಿಯನ್ನು ನಾನು ಬರೆದುಕೊಡುತ್ತೇನೆ ಎಂದೆ.

'ಬ್ಯಾಡ್ರಿ ಮೇಷ್ಟ್ರೆ.' ದನಿಯಲ್ಲಿ ಸಿಟ್ಟಿರಲಿಲ್ಲ. 'ನಾನೇ ಬರ್ಕಂತೀನಿ. ನೀವೇ ಕಲಿಸಿದ ಅಕ್ಷರ ಐತಲ್ಲ.'

ಸಂಜೆ. ದೇವರ ಮುಂದೆ ಕುಳಿತು ಬರೆಯುತ್ತಿದ್ದೇನೆ. ಬೈಯಲು ಯಾರೂ ಉಳಿದಿಲ್ಲ, ಹರಸುವುದೊಂದೇ ಬಾಕಿ.

ಹದಿನೆಂಟು ದಡಗಳಲ್ಲಿ ಬೇರು ಆಳಕ್ಕಿಳಿಯಲಿ. ಹತ್ತೊಂಬತ್ತನೆಯದರಲ್ಲಿ ಕಾರ್ತಿಕದೊಳಗೆ ಇಳಿಯಲಿ. ಹಂಪವ್ವನ ಬೆವರಿಗೆ ಸಲ್ಲಬೇಕಾದ್ದು ಸಲ್ಲಲಿ. ಮಾರುತಿಯ ಕೈಗೆ ಬಲ ಬರಲಿ, ನಾಲಗೆ ಹೀಗೆಯೇ ಹರಿತವಾಗಿರಲಿ. ಆಶಾರಾಣಿಯ ಟೇಪು ಯಾರ ಮುಲಾಜಿಗೂ ಬಾಗದಿರಲಿ, ಅವಳಿಗೆ ದೀರ್ಘಾಯುಸ್ಸು. ಹಳ್ಳದ ಮೀನಿಗೆ, ಹೊಳೆಯಲ್ಲಿ ಮೀಯುವವರಿಗೆ, ಕೆಳಗಿನ ಊರುಗಳಲ್ಲಿ ಅದನ್ನು ಕುಡಿಯುವವರಿಗೆ ಒಳಿತಾಗಲಿ. ತಿದ್ದಿದವನಿಗೆ ಮಾತ್ರ, ಹರಿಹರೇಶ್ವರಾ, ಇನ್ನು ಮುಂದಾದರೂ —