ಚಿಕ್ಕಮ್ಮನ ಸಹಿ

ನವೆಂಬರ್ ೧೪, ಗುರುವಾರ

ಬ್ಯಾಂಕಿನಿಂದ ಉತ್ತರ ಬಂತು. ಓದಿದಾಗಿನಿಂದ ಚಿಕ್ಕಮ್ಮನ ಮುಖ ನೋಡುವ ಧೈರ್ಯವಿಲ್ಲ.

ಹೊಲಿದು ಹೊಲಿದು ಅವಳ ಬಲಗೈ ನಡುಗುತ್ತದೆ. ತನ್ನದೇ ಉಳಿತಾಯ ತೆಗೆಯಲು ಹೋದರೆ ಸಹಿ ಹೋಲುವುದಿಲ್ಲವೆಂದು ಮೂರು ಸಲ ಬರಿಗೈಯಲ್ಲಿ ಕಳಿಸಿದರು. ಹೆಬ್ಬೆಟ್ಟು ಒತ್ತುತ್ತೇನೆಂದರೆ ಕೌಂಟರಿನವನು ನಕ್ಕನಂತೆ. ನನ್ನ ರಕ್ತ ಕುದಿಯಿತು. ಗ್ರಾಹಕರ ಹಕ್ಕುಗಳ ಕಿರುಹೊತ್ತಗೆ ನನಗೆ ಬಾಯಿಪಾಠ: ಮೊದಲು ಮ್ಯಾನೇಜರಿಗೆ ಲಿಖಿತ ದೂರು, ನಕಲಿನ ಮೇಲೆ ಮೊಹರು, ತಿಂಗಳು ಕಾದು ಆಮೇಲೆ ಬ್ಯಾಂಕಿಂಗ್ ಲೋಕಪಾಲರಿಗೆ. ನಾಲ್ಕು ಪುಟ ಬೆಂಕಿಯಂತೆ ಬರೆದೆ. ಅವಳು ಪೆನ್ನು ಹಿಡಿದು ಒದ್ದಾಡುವುದನ್ನು ನೋಡಲಾರದೆ, ಪಾಸ್‌ಬುಕ್ಕಿನಲ್ಲಿದ್ದ ಹಳೆಯ ಸಹಿ ನೋಡಿಕೊಂಡು ನಾನೇ ಹಾಕಿಬಿಟ್ಟೆ.

ಉತ್ತರ ಎರಡೇ ಸಾಲು. "ದೂರಿನಲ್ಲಿರುವ ಸಹಿ ನಮ್ಮ ದಾಖಲೆಗೆ ಸರಿಯಾಗಿ ಹೊಂದುತ್ತದೆ. ಆದ್ದರಿಂದ ತಮ್ಮ ಅಹವಾಲನ್ನು ಒಪ್ಪಲಾಗದು."

ಚಿಕ್ಕಮ್ಮ ಬೈಯಲಿಲ್ಲ. "ನನ್ ಕೈ ನಡುಗುತ್ತೆ ಅಂತ ಹೇಳೋ ಕಾಗದದಲ್ಲಿ ನನ್ ಕೈನೇ ಇಲ್ವಲ್ಲೋ, ಲಾಯರ್ ಸಾಹೇಬ," ಎಂದಳು.

ಹೊಸ ದೂರು ಒಂದೇ ಪುಟ. ಹಿಂದಿನ ಸಹಿ ನನ್ನದೆಂದು ಮೊದಲ ಸಾಲಿನಲ್ಲೇ ಒಪ್ಪಿಕೊಂಡಿದ್ದೇನೆ, ಏನಾಗುತ್ತದೋ ಆಗಲಿ. ಕೆಳಗೆ ಚಿಕ್ಕಮ್ಮ ತಾನೇ ಸಹಿ ಹಾಕಿದಳು. ಗೆರೆ ಹಾವಿನಂತೆ ಹರಿದು ಅಂಚಿನವರೆಗೂ ಹೋಯಿತು. ನಾನು ಕೈಕಟ್ಟಿ ಕೂತಿದ್ದೆ. ಅವತ್ತೂ ಹೀಗೆಯೇ ಸುಮ್ಮನೆ ಕೂತಿದ್ದರೆ...