ಕಪ್ಪು ಟಿಕಳಿಯ ಚೌಕ

ಹಾಸ್ಟೆಲ್, ಮಣಿಪಾಲ
ಬುಧವಾರ, 16 ಸೆಪ್ಟೆಂಬರ್ 2009

ಅಕ್ಕಾ,

ಮೊದಲು ಪೂರ್ತಿ ಓದು, ಆಮೇಲೆ ಬೈ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಕೌಂಟರಿನಲ್ಲಿ ನಿಂತು ಯಾವ ಚಿತ್ರ, ಎಲ್ಲಿ ಒತ್ತಲಿ ಅಂತ ಕೇಳಿದರೆ ನಿನ್ನ ಮಾಲೀಕ ಅಲೆಕ್ಸಣ್ಣನಿಗೆ ಎಲ್ಲ ತಿಳಿದುಬಿಡುತ್ತದೆ. ಕಾಪುವಿನ ಆ ಸೈಬರ್ ಅಂಗಡಿಯಲ್ಲಿ ಎರಡು ವರ್ಷದಿಂದ ಕೂತಿರುವ ನಿನಗೆ ಇಂಗ್ಲಿಷ್ ಓದಲು ಬರುವುದಿಲ್ಲ ಎಂಬುದು ನಮ್ಮಿಬ್ಬರದೇ ಗುಟ್ಟು. ಆಗ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದು ಐದನೇ ಇಯತ್ತೆಗೆ, ನೀನು ನಾಲ್ಕಕ್ಕೇ ಬಿಟ್ಟವಳು.

ಆಕ್ಚುವಲಿ ನಿನ್ನ ಉಪಾಯ ನೆನೆದರೆ ನನಗೆ ಈಗಲೂ ಆಶ್ಚರ್ಯ. ಬ್ರೌಸರ್ ತೆರೆದರೆ ಒಂದೊಂದು ಪುಟಕ್ಕೆ ಒಂದೊಂದರಂತೆ ಒಂಬತ್ತು ಚೌಕ, ಅವುಗಳ ಎದುರು ಪರದೆಯ ಗಾಜಿನ ಮೇಲೆ ಒಂಬತ್ತು ಟಿಕಳಿ. ಹಣೆಯ ಟಿಕಳಿಯನ್ನು ಕಂಪ್ಯೂಟರಿಗೆ ಹಚ್ಚಿದವಳು ನೀನೊಬ್ಬಳೇ ಇರಬೇಕು! ಕೆಂಪಿನ ಹಿಂದೆ ರೈಲು, ಹಸಿರಿನ ಹಿಂದೆ ಎಸ್ಸೆಸ್ಸೆಲ್ಸಿ ರಿಸಲ್ಟು. ನೀನು ಪುಟ ತೆರೆದುಕೊಟ್ಟರೆ ಸಾಕು, ಉಳಿದದ್ದನ್ನು ಗಿರಾಕಿಗಳೇ ಟೈಪ್ ಮಾಡುತ್ತಾರೆ. ಅಲೆಕ್ಸಣ್ಣ ಅದನ್ನು ಅಲಂಕಾರ ಅಂದುಕೊಂಡಿದ್ದಾರೆ.

ಭಾನುವಾರ ನಾನು ಬಂದಾಗ ಅಪ್‌ಡೇಟ್ ಬೇಕಾ ಅಂತ ಬ್ರೌಸರೇ ಕೇಳಿತು. ಏನಾಗುತ್ತದೆ ನೋಡೋಣ ಅಂತ ಒತ್ತಿದೆ, ಅಷ್ಟೇ. ಚೌಕಗಳೆಲ್ಲ ಮಾಯವಾಗಿ ಪುಟ್ಟ ಪುಟ್ಟ ಗುರುತುಗಳ ಒಂದು ಸಾಲು ಉಳಿಯಿತು. ರೈಲು ಕೇಳಿದರೆ ಕ್ರಿಕೆಟ್ ಬರ್ತದಲ್ಲ ಮಾರಾಯ್ತಿ, ಶನಿವಾರದೊಳಗೆ ಸರಿಯಾಗದಿದ್ದರೆ ಕೋರ್ಸ್ ಮಾಡಿದ ಉದ್ಯಾವರದ ಹುಡುಗಿಯನ್ನು ಕೂರಿಸ್ತೇನೆ ಅಂದರಂತೆ ಅಲೆಕ್ಸಣ್ಣ. ನೀನು ಫೋನಿನಲ್ಲಿ ಅದನ್ನು ಹೇಳಿ ನಕ್ಕೆ. ಆ ನಗು ನನಗೆ ನಿದ್ದೆ ಕೊಟ್ಟಿಲ್ಲ.

ಹಳೆಯ ಪುಟ ಎಲ್ಲಿಗೆ ಹೋಗುತ್ತದೆ? ಅಳಿದೇ ಹೋಗುತ್ತದಾ, ಒಳಗೆಲ್ಲೋ ಇರುತ್ತದಾ? ಇದೇ ತಲೆಯಲ್ಲಿ ಕೊರೆದು, ನಮ್ಮ ಲ್ಯಾಬಿನಲ್ಲೂ ಬೇಕೆಂದೇ ಅಪ್‌ಡೇಟ್ ಒತ್ತಿದೆ. ಜೋನ್ ಮೇಡಂ ಬಂದು, ಎಂತ ಹಾಳು ಮಾಡ್ತಾ ಇದ್ದೀ, ನಿನ್ನ ಪ್ರೋಗ್ರಾಮ್ ಎಲ್ಲುಂಟು ಅಂತ ಬೈದರು. ಬೈದರೂ ಪಕ್ಕದಲ್ಲೇ ನಿಂತು ನೋಡಿದರು, ಅವರಿಗೂ ಕುತೂಹಲ! ಹಳೆಯದು ಅಳಿದಿಲ್ಲ ಅಕ್ಕಾ. ಸೀರೆ ಮಡಚಿಟ್ಟ ಹಾಗೆ ಒಳಗೇ ಇದೆ.

ಬಲಗಡೆ ಮೇಲಿನ ಮೂಲೆಯಲ್ಲಿ ಹಲ್ಲಿನ ಚಕ್ರದಂಥ ಗುರುತು ಇದೆ, ಒತ್ತು. ಪಟ್ಟಿ ಇಳಿಯುತ್ತದೆ, ಅದರಲ್ಲಿ ನಾಲ್ಕನೇ ಸಾಲು. ಆಮೇಲೆ ಪುಟ್ಟ ಬಳೆಯಂಥ ಎರಡು ಉರುಟು ಕಾಣುತ್ತವೆ, ಮೇಲಿನದನ್ನು ಒತ್ತು. ಚೌಕಗಳು ವಾಪಸ್ ಬರುತ್ತವೆ, ಆದರೆ ಕಲಸಿಹೋಗಿ. ಗಾಬರಿಯಾಗಬೇಡ. ಮೌಸಿನ ಎಡಗುಂಡಿ ಬಿಡದೆ ಹಿಡಿದು ರೈಲನ್ನು ಕೆಂಪಿನ ಹಿಂದಕ್ಕೆ ಎಳೆ. ಹೀಗೇ ಒಂದೊಂದಾಗಿ ಎಂಟನ್ನೂ. ಐದು ಸಲ ಮಾಡಿ ನೋಡಿದ್ದೇನೆ, ಪ್ರಾಮಿಸ್. ಕೆಳಗಿನ ಸಾಲಿನ ಕೊನೆಯ ಕಪ್ಪು ಟಿಕಳಿ ದೃಷ್ಟಿಗೆ ಅಂತ ನೀನೇ ಹೇಳಿದ್ದೆ. ಅಲ್ಲಿ ಏನೂ ಬೇಡ, ಖಾಲಿ ಇರಲಿ.

ನನ್ನ ಓದು ಚೆನ್ನಾಗಿ ನಡೆದಿದೆ. ಅಪ್ಪನಿಗೂ ಹೇಳು.

ನಿನ್ನ ತಂಗಿ,
ರಾಜಶ್ರೀ

ತಾ.ಕ.: ಕವರ್ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಕಪ್ಪು ಟಿಕಳಿಯ ಹಿಂದೆ ಏನಿತ್ತು ಅಂತ ಭಾನುವಾರ ನಾನು ನೋಡಿದ್ದೆ. ನಮ್ಮ ಕಾಲೇಜಿನ ಮಾರ್ಕ್ಸಿನ ಪುಟ. ನಿನಗೆ ಅಂಕಿ ಓದಲು ಬರುತ್ತದೆ, ನನ್ನ ರೋಲ್ ನಂಬರ್ ನಲವತ್ತೇಳು ಅಂತಲೂ ಗೊತ್ತು. ಅದರ ಎದುರು ಮ್ಯಾಥ್ಸಿಗೆ ಐವತ್ತಕ್ಕೆ ಒಂಬತ್ತು. ನಾನು ಹೇಳಿದ್ದು ಮೂವತ್ತೊಂಬತ್ತು. ಅದನ್ನು ಕೇಳಿ ನೀನು ಡಬ್ಬಿಯಿಂದ ಇನ್ನೊಂದು ರೊಟ್ಟಿ ತೆಗೆದು ನನ್ನ ಕೈಗಿಟ್ಟೆ. ಆ ಚೌಕ ಹೋಗಲಿ ಅಂತಲೇ ಅಪ್‌ಡೇಟ್ ಒತ್ತಿದ್ದು. ಉಳಿದ ಎಂಟೂ ಹೋಗುತ್ತವೆ ಅಂತ ನನಗೆ ಹೊಳೆಯಲೇ ಇಲ್ಲ. ಒಂಬತ್ತನೆಯದನ್ನೂ ಅದರ ಜಾಗಕ್ಕೇ ಎಳೆದಿಡು. ಮುಂದಿನ ಟೆಸ್ಟಿನ ಮಾರ್ಕ್ಸ್ ಅಕ್ಟೋಬರ್ ಇಪ್ಪತ್ತಕ್ಕೆ ಅಲ್ಲೇ ಬರುತ್ತದೆ.