ಗೊತ್ತಿದ್ದೂ ತಿಂದವರು

ಮಾರ್ಚ್ 14, ಮಂಗಳವಾರ

ಆಸ್ಪತ್ರೆ ಸೇರಿದರೂ ಅಕ್ಕನ ವಾಂತಿ ನಿಂತಿಲ್ಲ. ಕಿಡ್ನಿಗೂ ಪೆಟ್ಟು ಬಿದ್ದಿರಬಹುದು ಎಂದರು ಡಾಕ್ಟರು, ನನ್ನ ಮುಖ ನೋಡದೆ.

ಹಳಸಿದ್ದನ್ನು ತಿನ್ನಬೇಡಿ ಎನ್ನುವ ನಮ್ಮ ಆರೋಗ್ಯ ಇಲಾಖೆಯ ಪೋಸ್ಟರು ಅವಳ ಅಡುಗೆಮನೆಯಲ್ಲೇ ಇದೆ. "ಓದಿರಲಿಲ್ವಾ ನೀನು?" ಎಂದು ಕೇಳಿದೆ.

"ಬಾಯಿಪಾಠ ಆಗಿದೆ ಕಣೋ. ಮಕ್ಕಳಿಗೆ ಬಿಸಿಬಿಸಿ ಮಾಡಿ ಹಾಕ್ದೆ. ಉಳಿದಿದ್ದ ತಂಗಳು ಚೆಲ್ಲೋಕೆ ಕೈ ಬರ್ಲಿಲ್ಲ. ನಿನ್ನ ಪೋಸ್ಟರ್ ತಿಂದ್ರೆ ಹೊಟ್ಟೆ ತುಂಬುತ್ತಾ?" ನಗಲು ಹೋಗಿ ಹೊಟ್ಟೆ ಹಿಡಿದು ಮುದುಡಿದಳು.

ಪ್ರಚಾರದಿಂದ ರೋಗ ಎಷ್ಟು ಇಳಿಯುತ್ತದೆ ಎಂದು ಲೆಕ್ಕ ಹಾಕುವ ನನ್ನ ಗಣಿತದಲ್ಲಿ ಜನ ಎರಡೇ ಬಗೆ: ಅರಿವುಳ್ಳವರು, ಅರಿವಿಲ್ಲದವರು. ಅರಿವುಳ್ಳವರು ತಂಗಳು ಮುಟ್ಟುವುದಿಲ್ಲ. ಹಾಸಿಗೆ ಹಿಡಿದವರೆಲ್ಲ ಅರಿವಿಲ್ಲದವರು. ಅಕ್ಕನೂ.

ಅಕ್ಕನ ವಿಷಯ ತಿಳಿಸಿ, ಮೂರನೆಯ ಬಗೆಯೂ ಬೇಕು ಎಂದು ಸಹೋದ್ಯೋಗಿಗೆ ಫೋನಿನಲ್ಲಿ ಹೇಳಿದೆ. "ಒಬ್ಬರಿಗೋಸ್ಕರ ಸಮೀಕರಣ ಬದಲಾಯಿಸೋಕಾಗುತ್ತಾ ಸಾರ್?" ಎಂದ.

ಒಬ್ಬರೇ? ಎಲ್ಲರಿಗೂ ಬಡಿಸಿ ಕೊನೆಗೆ ಕೂರುವವರು ಮನೆಗೊಬ್ಬರು ಇದ್ದಾರೆ. ನಮ್ಮಮ್ಮನೂ ಹಾಗೇ ಉಂಡವಳು. ಇಂಥವರಿಗೆ ಯಾವ ಪೋಸ್ಟರೂ ಹೊಸದೇನನ್ನೂ ಹೇಳುವುದಿಲ್ಲ. ಸಮೀಕರಣದಲ್ಲಿ ಒಂದೊಂದು ಬಗೆಯ ಜನಕ್ಕೆ ಒಂದೊಂದು ಅಕ್ಷರ; ಇವರಿಗೂ ಒಂದನ್ನು ಹುಡುಕುತ್ತ ಕೂತಿದ್ದೇನೆ. ಹೊಳೆದ ಅಕ್ಷರಗಳೆಲ್ಲ ಆಗಲೇ ಬೇರೆ ಲೆಕ್ಕಗಳ ಪಾಲಾಗಿವೆ. ಆಸ್ಪತ್ರೆಯಿಂದ ಕರೆ ಬಂದೀತೆಂದು ಫೋನು ಪಕ್ಕದಲ್ಲೇ ಇದೆ. ಬೆಳಗಿನವರೆಗೆ ಅದು ಸುಮ್ಮನಿದ್ದರೆ ಅಕ್ಕ ಉಳಿದಂತೆ.